ಟೊಮ್ಯಾಟೊ ಲೋಡಿಗೆ ಹೊಸ ಪಿಕಪ್: ಪೆಟ್ರೋಲ್ ತಗೊಳ್ಳೋದಾ, ಡೀಸೆಲ್ಲೇ ಇರ್ಲಾ?

ಸೀನ_ಶ್ರೀನಿವಾಸಪುರ
ಎಲ್ರಿಗೂ ನಮಸ್ಕಾರ. ನಮ್ದು ಶ್ರೀನಿವಾಸಪುರದ ಪಕ್ಕ ಹಳ್ಳಿ, ಟೊಮ್ಯಾಟೊ ಬೆಳೀತೀವಿ, ಅಕ್ಕಪಕ್ಕದ ತೋಟದವರ ಬಾಕ್ಸೂ ಹಾಕ್ಕೊಂಡು ಕೋಲಾರ ಮಂಡಿಗೆ ಹೊಡೀತೀನಿ. ಇರೋದು 2012ರ ಡೀಸೆಲ್ ಟಾಟಾ ಏಸ್. ಎರಡು ಸಲ ಇಂಜಿನ್ ಬಿಚ್ಚಿಸಿ ಕಟ್ಟಿಸಿದ್ದಾಯ್ತು, ಈಗ ಮತ್ತೆ ಹೊಗೆ ಶುರು, ಎಫ್‌ಸಿ ಅಂದ್ರೆ ಗಾಡಿ ಫಿಟ್ನೆಸ್ ಸರ್ಟಿಫಿಕೇಟ್, ಅದು ಪ್ರತಿ ವರ್ಷ ಒಂದು ಹೋರಾಟ. 2025ರ ಸೆಪ್ಟೆಂಬರಲ್ಲಿ ಗೂಡ್ಸ್ ಗಾಡಿ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ, ಅದಕ್ಕೆ ಈ ಸಲ ಹೊಸದೇ ತಗೊಂಬಿಡೋಣ ಅಂತ ಮನೇಲಿ ಮಾತಾಯ್ತು. ಬಾಮೈದ ಹೇಳ್ತಾನೆ ಪೆಟ್ರೋಲ್ ತಗೋ ಬಾವ, ಒಂದೂವರೆ ಲಕ್ಷ ಕಮ್ಮಿಗೆ ಬರುತ್ತೆ, ಸೌಂಡ್ ಇಲ್ಲ ಹೊಗೆ ಇಲ್ಲ ಅಂತ. ನಮ್ಮಪ್ಪ ಹೇಳೋದು ಲೋಡ್ ಎಳೆಯೋ ಗಾಡಿಗೆ ಯಾರಾದ್ರೂ ಪೆಟ್ರೋಲ್ ಹಾಕ್ತಾರೇನೋ ಅಂತ. ಮಂಡಿಗೆ ಒಂದು ಸೈಡ್ 28 ಕಿಲೋಮೀಟರ್, ಹೋಗಿ ಬಂದು ಅಲ್ಲಿ ಇಲ್ಲಿ ಸೇರಿ ದಿನಕ್ಕೆ 60 ಅಂತಿಟ್ಕೊಳ್ಳಿ. ಕೋಲಾರದಲ್ಲಿ ರೇಟ್ ಬಿದ್ರೆ ಮದನಪಲ್ಲಿಗೂ ಹೋಗ್ತೀನಿ, ಮಾವಿನ ಸೀಸನ್ನಲ್ಲಿ ಕಾಯಿ ಹೊಡೀತೀನಿ. ಎರಡೂ ಓಡಿಸಿರೋರು ದಯವಿಟ್ಟು ಹೇಳಿ, ಶೋರೂಮವ್ರ ಮಾತು ಕೇಳಿ ಕೇಳಿ ಸಾಕಾಗಿದೆ.

ಕ್ಯಾನ್_ವಾಟರ್_ಬೆಂಗ್ಳೂರು
ಸೀನಣ್ಣ ಪೆಟ್ರೋಲ್ ತಗೊಳ್ಳಿ, ಕಣ್ಮುಚ್ಕೊಂಡು. ನಾನು ಯಾಕೆ ಹೇಳ್ತಿದೀನಿ ಅಂದ್ರೆ ಡೀಸೆಲ್ಲಲ್ಲಿ ಕೈ ಸುಟ್ಕೊಂಡಿದೀನಿ. ನಂದು 20 ಲೀಟರ್ ನೀರಿನ ಕ್ಯಾನ್ ಸಪ್ಲೈ. ದಿನಕ್ಕೆ 35 ಕಿಮೀ ಮೇಲೆ ಹೋಗಲ್ಲ ಆದ್ರೆ 70-80 ಕಡೆ ನಿಲ್ಸಬೇಕು, ಆಫ್ ಮಾಡು, ಎರಡು ಕ್ಯಾನ್ ಇಳ್ಸು, ಸ್ಟಾರ್ಟ್ ಮಾಡು, 200 ಮೀಟರ್ ಹೋಗು, ಮತ್ತೆ ಆಫ್. ಬಿಎಸ್6 ಅಂತಾರಲ್ಲ, ಹೊಸ ಹೊಗೆ ನಿಯಮದ್ದು, ಆ ಡೀಸೆಲ್ ಪಿಕಪ್ ತಗೊಂಡೆ, ಕಂಪನಿ ಹೆಸರು ಬೇಡ ಬಿಡಿ. ಐದನೇ ತಿಂಗಳಿಗೆ ಮೀಟರಲ್ಲಿ ಹಳದಿ ಲೈಟ್, ಒಂದ್ವಾರಕ್ಕೆ ಗಾಡಿ ಎಳೆಯೋದೇ ಬಿಡ್ತು, ಆಕ್ಸಿಲರೇಟರ್ ಪೂರ್ತಿ ತುಳಿದ್ರೂ 40 ದಾಟಲ್ಲ. ಸರ್ವಿಸ್ ಸೆಂಟರಲ್ಲಿ ಫಿಲ್ಟರ್ ಮಸಿ ತುಂಬಿದೆ ಅಂದ್ರು, ಕ್ಲೀನ್ ಮಾಡಿ ಕೊಟ್ರು, ಮೂರು ತಿಂಗಳಿಗೆ ಮತ್ತೆ ಅದೇ. ನಮ್ಮ ಹುಡುಗ ಒಂದಿನ ಆಯಿಲ್ ಕಡ್ಡಿ ಎಳೆದು ತೋರಿಸ್ದ, ಆಯಿಲ್ ಕಮ್ಮಿ ಆಗೋದು ನೋಡಿದೀವಿ, ಇಲ್ಲಿ ಮೇಲಿನ ಗೆರೆಗಿಂತ ಒಂದು ಬೆರಳು ಜಾಸ್ತಿ ಆಗಿತ್ತು! ಮೂಸಿದ್ರೆ ಡೀಸೆಲ್ ವಾಸನೆ. ಅವತ್ತೇ ಮಾರೋ ತೀರ್ಮಾನ ಮಾಡ್ಬಿಟ್ಟೆ. ಈಗ ಪೆಟ್ರೋಲ್, ಎರಡು ವರ್ಷ ಆಯ್ತು, ಆಯಿಲ್ ಚೇಂಜ್ ಬಿಟ್ರೆ ಬಾನೆಟ್ ಎತ್ತಿಲ್ಲ.

ಘಾಟಿ_ಗ್ಯಾರೇಜ್_ಶಿರಸಿ
ಕ್ಯಾನ್ ವಾಟರ್ ಅವ್ರು ಹೇಳಿದ್ದು ನೂರಕ್ಕೆ ನೂರು ನಿಜ, ಆದರೆ ಅದು ಅವ್ರ ಕೆಲಸಕ್ಕೆ ನಿಜ. ನಾನು 19 ವರ್ಷದಿಂದ ಗ್ಯಾರೇಜ್ ನಡೆಸ್ತಾ ಇದ್ದೆ, ಇಂಥ ಗಾಡಿ ನನ್ನಲ್ಲೂ ಬರ್ತದೆ. ಆಗೋದೇನು ಅಂದ್ರೆ, ಡೀಸೆಲ್ ಹೊಗೆಯ ಮಸಿ ಹಿಡಿಲಿಕ್ಕೆ ಸೈಲೆನ್ಸರ್ ದಾರಿಯಲ್ಲಿ ಒಂದು ಫಿಲ್ಟರ್ ಇಟ್ಟಿರ್ತಾರೆ, ಡಿಪಿಎಫ್ ಅಂತ. ಮಸಿ ತುಂಬಿದ ಮೇಲೆ ಅದನ್ನ ಸುಟ್ಟು ಬೂದಿ ಮಾಡಬೇಕು, ಅದಕ್ಕೆ ಹತ್ತಿರ ಹತ್ತಿರ 600 ಡಿಗ್ರಿ ಬಿಸಿ ಬೇಕು. ಹೈವೇಯಲ್ಲಿ ಒಂದೇ ಹದದಲ್ಲಿ ಅರ್ಧ ಗಂಟೆ ಓಡಿದ್ರೆ ತನ್ನಷ್ಟಕ್ಕೆ ಆಗಿ ಹೋಗ್ತದೆ, ಡ್ರೈವರ್‌ಗೆ ಗೊತ್ತೂ ಆಗೂದಿಲ್ಲ. 200 ಮೀಟರಿಗೊಮ್ಮೆ ಆಫ್ ಮಾಡೋ ಗಾಡಿಗೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಆಗ ಇಂಜಿನ್ನೇ ಒಂದಿಷ್ಟು ಹೆಚ್ಚಿಗೆ ಡೀಸೆಲ್ ಬಿಟ್ಟು ಬಿಸಿ ಏರಿಸಲಿಕ್ಕೆ ನೋಡ್ತದೆ, ಅಷ್ಟರಲ್ಲಿ ನೀವು ಆಫ್ ಮಾಡ್ತೀರಿ, ಸುಡದೇ ಉಳಿದ ಡೀಸೆಲ್ ರಿಂಗ್ ಸಂದಿಯಿಂದ ಇಳಿದು ಆಯಿಲ್‌ಗೆ ಸೇರ್ತದೆ. ಕಡ್ಡಿ ಮೇಲೆ ಒಂದು ಬೆರಳು ಜಾಸ್ತಿ ಕಂಡಿದ್ದು ಅದೇ. ಆ ತೆಳು ಆಯಿಲ್‌ನಲ್ಲಿ ಓಡಿಸಿದ್ರೆ ಬೇರಿಂಗ್ ಹೋಗ್ತದೆ, ಮಾರಿದ್ದು ಒಳ್ಳೇದೇ ಆಯ್ತು.

ಸೀನ ಅವ್ರದ್ದು ಹಾಗಲ್ಲ. 28 ಕಿಮೀ ನಿಲ್ಲಿಸದೇ ಓಡ್ತದೆ ಅವ್ರ ಗಾಡಿ, ದಿನಾ. ಡಿಪಿಎಫ್ ಹೆದರಿಕೆ ಅವ್ರಿಗೆ ಬೇಡ. ಅವ್ರು ನೋಡಬೇಕಾದ್ದು ಬೇರೆ. ಸೀನ ಅವ್ರೇ, ಒಂದು ಟ್ರಿಪ್ಪಿಗೆ ಎಷ್ಟು ಬಾಕ್ಸ್ ಹಾಕ್ತೀರಿ? ಅದನ್ನ ನೀವು ಬರೆದೇ ಇಲ್ಲ.

ಸೀನ_ಶ್ರೀನಿವಾಸಪುರ
ಅಣ್ಣ ದಿನ ನೋಡ್ಕೊಂಡು. ಕಮ್ಮಿ ಇದ್ದಾಗ 40-45 ಬಾಕ್ಸ್. ಕೀಳೋದು ಜೋರಾದಾಗ 60, 65 ಕೂಡ ಆಗುತ್ತೆ. ಒಂದೊಂದು ಬಾಕ್ಸ್ 15 ಕೆಜಿ ಲೆಕ್ಕ.

ರೇಷ್ಮೆಗೂಡು_ಶಿಡ್ಲಘಟ್ಟ
ನಾನು ಪೆಟ್ರೋಲ್ ಏಸ್ ಓಡಿಸ್ತಿದೀನಿ ಮೂರು ವರ್ಷದಿಂದ, ಗೂಡು ಸಾಗಿಸೋಕೆ. ಬಿಎಸ್6 ಬಂದಾಗ 2020ರಲ್ಲಿ ಬಂದಿದ್ದು ಅದು, 694 ಸಿಸಿ, ಎರಡೇ ಸಿಲಿಂಡರ್. ಗೂಡು ಅಂದ್ರೆ ಗೊತ್ತಲ್ಲ, ನೋಡೋಕೆ ಗಾಡಿ ತುಂಬ, ತೂಕ ಇರಲ್ಲ. ನಂಗೆ ಅದು ಆರಾಮಾಗಿದೆ. ರಾತ್ರಿ ಎರಡು ಗಂಟೆಗೆ ಎದ್ದು ರಾಮನಗರಕ್ಕೆ ಹೋಗ್ಬೇಕಾದ್ರೆ ಹಳೇ ಡೀಸೆಲ್ ಗಾಡೀಲಿ ಗೇರ್ ರಾಡ್ ನಡುಗಿ ನಡುಗಿ ಅಂಗೈ ಮರಗಟ್ಟೋದು, ಮನೆಗೆ ಬಂದ್ಮೇಲೂ ಕಿವಿ ಗುಯ್ ಅನ್ನೋದು. ಈಗ ಅದೆಲ್ಲ ಇಲ್ಲ. ಆದ್ರೆ ಒಂದ್ಸಲ ಪಕ್ಕದ್ಮನೆಯೋರ ಆಲೂಗಡ್ಡೆ ಮೂಟೆ 18 ಹಾಕ್ಕೊಂಡು ಚಿಂತಾಮಣಿ ಕಡೆಯಿಂದ ಬಂದೆ, ಆವತ್ತು ಗೊತ್ತಾಯ್ತು, ಸಣ್ಣ ದಿಣ್ಣೆಗೂ ಎರಡನೇ ಗೇರ್, ಹಿಂದ್ಗಡೆ ಬಸ್ಸೋನು ಹಾರನ್ನೋ ಹಾರನ್ನು. ಹಗುರ ಲೋಡಿಗೆ ಪೆಟ್ರೋಲ್ ಚಿನ್ನ. ಟೊಮ್ಯಾಟೊಗೆ ನಾನು ಹೇಳಲ್ಲ.

ಹುಬ್ಬಳ್ಳಿ_ಲೋಡ್_ಮಾಸ್ತರ
ಅಣ್ಣಾರ ಇದರಾಗ ಕೇಳೂದೇನೈತ್ರಿ, ಡೀಸೆಲ್ ತಗೋರಿ. ನಾ ಹುಬ್ಬಳ್ಳಿ ಟು ಬೆಂಗಳೂರ ಉಳ್ಳಾಗಡ್ಡಿ ಹೊಡೀತೀನಿ, 400 ಕಿಲೋಮೀಟರ್ ಮ್ಯಾಲೆ ಆಗತೈತಿ ಒಂದ ಕಡೆ. ಬೊಲೆರೊ ಪಿಕಪ್ ಐತಿ ನಂದು, ಎರಡೂವರೆ ಲೀಟರ್ ಇಂಜಿನ್, 2019ರದ್ದು. ನಾಲ್ಕ ಲಕ್ಷ ಕಿಲೋಮೀಟರ್ ಸಮೀಪ ಬಂದೈತಿ, ಇಂಜಿನ್ ಕೆಲಸ ಇನ್ನೂ ಬಂದಿಲ್ಲರೀ. ಇಂಜೆಕ್ಟರ್ ಒಮ್ಮೆ ಹೋಗಿದ್ದು ಅದೂ ನಂದ ತಪ್ಪ, ದಾರಿಯೊಳಗ ಒಬ್ಬಾಂವ ಬ್ಯಾರೆಲ್‌ನಾಗ ಅಗ್ಗಕ್ಕ ಕೊಡ್ತೇನಿ ಅಂದಾ ಅಂತ ಹಾಕಿಸಿದ್ದೆ. ಕಲಬೆರಕಿ ಇತ್ತು. ನಾಲ್ಕೂ ಇಂಜೆಕ್ಟರ್ ಬದಲಿ ಮಾಡೂದ್ರಾಗ ಎರಡ ತಿಂಗಳ ದುಡಿಮಿ ಹೋತು. ಅವತ್ತಿನಿಂದ ಒಂದ ಬಂಕ್ ಹಿಡಿದೀನಿ, ಅಲ್ಲೇ ಹಾಕಸ್ತೀನಿ.

ಲೆಕ್ಕದ_ಪುಸ್ತಕ
ಎಲ್ರೂ ಅನುಭವ ಹೇಳ್ತಿದೀರ, ನಾನು ಬರೀ ದುಡ್ಡಿನ ಲೆಕ್ಕ ಹಾಕ್ತೀನಿ, ತಪ್ಪಿದ್ರೆ ತಿದ್ದಿ. ನಮ್ಮ ರಾಜ್ಯದಲ್ಲಿ ಈಗ, 2025ರ ಕೊನೇಲಿ, ಪೆಟ್ರೋಲ್ 103ರ ಹತ್ರ, ಡೀಸೆಲ್ 91ರ ಹತ್ರ. 2024 ಜೂನಲ್ಲಿ ಎರಡರ ಮೇಲೂ ಮೂರು ಮೂರೂವರೆ ರೂಪಾಯಿ ಏರ್ತು, 2025 ಏಪ್ರಿಲಲ್ಲಿ ಡೀಸೆಲ್ ಮೇಲೆ ಮಾತ್ರ ಇನ್ನೊಂದೆರಡು ರೂಪಾಯಿ. ಅಂತರ ಈಗ 12 ರೂಪಾಯಿ ಅಷ್ಟೆ. ಸೀನ ಅವ್ರ ತಂದೆ ಕಾಲದ ಮಾತು ಬೇರೆ, ಅವ್ರು ಏಸ್ ತಗೊಂಡ 2012ರಲ್ಲಿ ಅಂತರ 20 ರೂಪಾಯಿ ಮೇಲಿತ್ತು, ಡೀಸೆಲ್ ಬೆಲೆ ಆಗ ಸರ್ಕಾರದ ಹಿಡಿತದಲ್ಲಿತ್ತು. 2013ರಿಂದ ತಿಂಗಳಿಗೆ 50 ಪೈಸೆ ಲೆಕ್ಕದಲ್ಲಿ ಏರಿಸ್ಕೊಂಡು ಬಂದು 2014 ಅಕ್ಟೋಬರಲ್ಲಿ ಪೂರ್ತಿ ಕೈ ಬಿಟ್ರು. ಹಾಗಾಗಿ ಹಳೇ ಲೆಕ್ಕ ಇವತ್ತಿಗೆ ನಡೆಯಲ್ಲ.

ಸಣ್ಣ ಗಾಡಿ, ದಿನಕ್ಕೆ 60 ಕಿಮೀ, ತಿಂಗಳಿಗೆ 25 ದಿನ, ಅಂದ್ರೆ 1500 ಕಿಮೀ. ಲೋಡಲ್ಲಿ ಪೆಟ್ರೋಲ್ ಲೀಟರಿಗೆ 14 ಕಿಮೀ ಕೊಡುತ್ತೆ, ಡೀಸೆಲ್ 18 ಕೊಡುತ್ತೆ ಅಂತ ಇಟ್ಕೊಳ್ಳಿ. ಪೆಟ್ರೋಲಿಗೆ 107 ಲೀಟರ್, 11 ಸಾವಿರ. ಡೀಸೆಲಿಗೆ 83 ಲೀಟರ್, 7,600. ತಿಂಗಳಿಗೆ ಉಳಿಯೋದು 3,400. ಗಾಡಿ ರೇಟಲ್ಲಿ ವ್ಯತ್ಯಾಸ ಒಂದೂವರೆ ಲಕ್ಷ ಅಂದ್ರಿ, ಅದನ್ನ ಸಾಲದಲ್ಲಿ ತಗೊಂಡ್ರೆ ನಾಲ್ಕು ವರ್ಷಕ್ಕೆ 11 ಪರ್ಸೆಂಟ್ ಬಡ್ಡಿ ಹಿಡಿದು ತಿಂಗಳಿಗೆ 3,900 ಕಂತು. ಅಂದ್ರೆ ನಾಲ್ಕು ವರ್ಷ ನಿಮ್ಮ ಜೇಬಿಂದಾನೇ ತಿಂಗಳಿಗೆ 500 ಹೋಗುತ್ತೆ, ಐದನೇ ವರ್ಷದಿಂದ ಡೀಸೆಲ್ ಲಾಭ ಶುರು. ದಿನಕ್ಕೆ 30 ಕಿಮೀ ಓಡ್ಸೋರಿಗೆ ಬಡ್ಡಿ ಬಿಟ್ರೂ ಏಳು ವರ್ಷ ಬೇಕು, ಅವ್ರು ಪೆಟ್ರೋಲೇ ತಗೋಬೇಕು. 120 ಓಡ್ಸೋರಿಗೆ ಎರಡು ವರ್ಷದೊಳಗೆ ಅಸಲು ವಾಪಸ್. ಸೀನ ಅವ್ರು ಸರಿಯಾಗಿ ಮಧ್ಯದಲ್ಲಿ ಸಿಕ್ಕಾಕ್ಕೊಂಡಿದಾರೆ, ಅದಕ್ಕೇ ಬಾಮೈದನ ಮಾತೂ ಸರಿ ಕಾಣುತ್ತೆ ತಂದೆ ಮಾತೂ ಸರಿ ಕಾಣುತ್ತೆ.

ಮಲ್ಪೆ_ಐಸ್_ಬಾಕ್ಸ್
ಲೆಕ್ಕ ಚಂದ ಉಂಟು ಸರ್, ಆದ್ರೆ ಲೋಡಲ್ಲಿ 14 ಅಂತ ಹಾಕಿದ್ರಲ್ಲ, ಅದು ನೆಲ ಸಮ ಇದ್ದಲ್ಲಿ ಮಾತ್ರ. ನಾನು ಮಲ್ಪೆಯಿಂದ ಆಗುಂಬೆ ಹತ್ತಿ ತೀರ್ಥಹಳ್ಳಿ, ಶಿವಮೊಗ್ಗಕ್ಕೆ ಮೀನು ಕೊಂಡು ಹೋಗುದು. ಮೀನಿಗಿಂತ ಐಸಿನ ಭಾರ ಹೆಚ್ಚು. ಒಂದು ಸೀಸನ್ ಸಂಬಂಧಿಕರ ಪೆಟ್ರೋಲ್ ಗಾಡಿಯಲ್ಲಿ ಹೋದೆ. ಸೋಮೇಶ್ವರ ದಾಟಿ ಘಾಟಿ ಶುರು ಆದ್ರೆ 14 ತಿರುವು, ಪ್ರತಿ ತಿರುವಲ್ಲಿಯೂ ಒಂದನೇ ಗೇರು, ಎದುರಿಂದ ಕಾರು ಬಂದು ನಿಲ್ಲಿಸಿದ್ರೆ ಮತ್ತೆ ಎತ್ತುವಾಗ ಹಾಫ್ ಕ್ಲಚ್ಚಲ್ಲಿ ಹಿಡಿದು ಇಂಜಿನ್ ಕೂಗಿಸಿ ಕೂಗಿಸಿ ಹತ್ತಿಸಬೇಕು. ಎಂಟನೇ ತಿರುವಿಗೆ ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿತದೆ. ಆ ಸೀಸನ್ನಿನಲ್ಲಿ ಎರಡು ಸಲ ಕ್ಲಚ್ ಪ್ಲೇಟ್ ಹಾಕಿಸಿದ್ದೇವೆ. ಮೈಲೇಜ್ 9 ಬಂದ್ರೆ ದೊಡ್ಡದು. ಅದೇ ದಾರಿ ನನ್ನ ಅಶೋಕ್ ಲೇಲ್ಯಾಂಡ್ ದೋಸ್ತ್ ಡೀಸೆಲ್ ಗಾಡಿ ಎರಡನೇ ಗೇರಲ್ಲಿ ತಣ್ಣಗೆ ಹತ್ತಿ ಹೋಗ್ತದೆ, ಆಕ್ಸಿಲರೇಟರ್ ಅರ್ಧ ಕೂಡ ಒತ್ತುದಿಲ್ಲ.

ಘಾಟಿ_ಗ್ಯಾರೇಜ್_ಶಿರಸಿ
ನಮ್ಮ ದೇವಿಮನೆ ಘಾಟದಲ್ಲೂ ಇದೇ ಕತೆ. ಯಾಕೆ ಹೀಗೆ ಅಂತ ಕೇಳ್ತಾರೆ ಜನ, ಸ್ವಲ್ಪ ಹೇಳ್ತೆ. ಪೆಟ್ರೋಲ್ ಇಂಜಿನ್ ಗಾಳಿಯನ್ನ ಹತ್ತು ಹನ್ನೊಂದು ಪಟ್ಟು ಒತ್ತಿ ಪ್ಲಗ್ಗಿನ ಕಿಡಿಯಿಂದ ಹೊತ್ತಿಸ್ತದೆ. ಡೀಸೆಲಲ್ಲಿ ಪ್ಲಗ್ ಕಿಡಿಯೇ ಇಲ್ಲ, ಬರೀ ಗಾಳಿಯನ್ನ ಹದಿನಾರು ಹದಿನೆಂಟು ಪಟ್ಟು ಒತ್ತಿ, ಆ ಬಿಸಿಗೇ ಎಣ್ಣೆ ಹೊತ್ಕೊಳ್ತದೆ. ಅಷ್ಟು ಒತ್ತಡ ತಡೀಬೇಕು ಅಂದ್ರೆ ಬ್ಲಾಕ್ ದಪ್ಪ ಬೇಕು, ಕ್ರ್ಯಾಂಕ್ ಗಟ್ಟಿ ಬೇಕು, ಅದಕ್ಕೇ ಡೀಸೆಲ್ ಇಂಜಿನ್ ಭಾರ, ಡೀಸೆಲ್ ಗಾಡಿ ತುಟ್ಟಿ. ಲೀಟರ್ ಲೆಕ್ಕದಲ್ಲಿ ಡೀಸೆಲಲ್ಲಿ ಕಸುವೂ ಜಾಸ್ತಿ, ಪೆಟ್ರೋಲಿಗಿಂತ ಹತ್ತು ಹದಿನೈದು ಪರ್ಸೆಂಟ್. ಎಲ್ಲಕ್ಕಿಂತ ಮುಖ್ಯ, ಟರ್ಬೊ ಡೀಸೆಲ್ಲು ನಿಮಿಷಕ್ಕೆ 1600-1800 ಸುತ್ತಿಗೇ ಪೂರ್ತಿ ಎಳೆತ ಕೊಡ್ತದೆ. ಪೆಟ್ರೋಲಿಗೆ ಅದು ಸಿಗಬೇಕಾದ್ರೆ 3000ದ ಹತ್ತಿರ ಸುತ್ತಿಸಬೇಕು. ಭಾರ ಹೊತ್ತು ನಿಂತಲ್ಲಿಂದ ಎತ್ತುವಾಗ 3000 ಸುತ್ತಿಸಿ ಕ್ಲಚ್ ಬಿಟ್ರೆ ಪ್ಲೇಟಿನ ಗತಿ ಏನು? ಮಲ್ಪೆಯವ್ರು ಮೂಸಿದ್ದು ಅದನ್ನೇ.

ನಂಬರ್ ಬೇಕಾದ್ರೆ ನೋಡಿ. ಪೆಟ್ರೋಲ್ ಏಸ್ ಎಳೆತ 55 ನ್ಯೂಟನ್ ಮೀಟರ್. ಮಾರುತಿ ಸೂಪರ್ ಕ್ಯಾರಿ ಪೆಟ್ರೋಲ್ ನಾಲ್ಕು ಸಿಲಿಂಡರ್, 104. ಟಾಟಾ ಇಂಟ್ರಾ ವಿ30 ಡೀಸೆಲ್ 140. ದೋಸ್ತ್, ಬೊಲೆರೊ ಪಿಕಪ್ ಎಲ್ಲ 200ರ ಆಸುಪಾಸು.

ಈಗ ಸೀನ ಅವ್ರೇ, ನಿಮ್ಮ ಬಾಕ್ಸಿಗೆ ಬರ್ತೆ. 65 ಬಾಕ್ಸ್, 15 ಕೆಜಿ ಅಂದ್ರೆ 975. ಪ್ಲಾಸ್ಟಿಕ್ ಬಾಕ್ಸಿಗೇ ತೂಕ ಇಲ್ವಾ? ಅದೆಲ್ಲ ಸೇರಿ ಸಾವಿರದ ನೂರು ದಾಟ್ತದೆ. ನೀವು ನೋಡ್ತಾ ಇರೋ ಪೆಟ್ರೋಲ್ ಗಾಡಿ ಪಾಸಿಂಗ್, ಅಂದ್ರೆ ಹೊರಲಿಕ್ಕೆ ಪರವಾನಗಿ ಇರೋ ಲೋಡ್, 750 ಕೆಜಿ. ಸೂಪರ್ ಕ್ಯಾರಿ 740. ಹೊಸ ಡೀಸೆಲ್ ಏಸ್ ತಗೊಂಡ್ರೂ 900. ನಿಮ್ಮ ಪ್ರಶ್ನೆ ಪೆಟ್ರೋಲಾ ಡೀಸೆಲಾ ಅಂತ ಅಲ್ಲವೇ ಅಲ್ಲ, ನಿಮಗೆ ಗಾಡಿಯ ಸೈಜೇ ಸಾಲೂದಿಲ್ಲ. ಎರಡು ಸಲ ಇಂಜಿನ್ ಬಿಚ್ಚಿಸಿದ್ದು ಯಾಕಾಗಿ ಅಂತ ಒಮ್ಮೆ ಯೋಚನೆ ಮಾಡಿ. ಒಂದು ಕೆಲಸ ಮಾಡಿ, ಜೋರು ಲೋಡ್ ಇದ್ದ ದಿನ ಯಾವುದಾದ್ರೂ ವೇ ಬ್ರಿಡ್ಜಲ್ಲಿ ತೂಕ ಹಾಕಿಸಿ ಚೀಟಿ ಇಟ್ಕೊಳ್ಳಿ.

ಅನ್ನಪೂರ್ಣ_ಅಡುಗೆ_ಮೈಸೂರು
ನಮಸ್ಕಾರ, ನಾನು ಮದುವೆ ಮನೆ ಅಡುಗೆ ಕಾಂಟ್ರಾಕ್ಟ್ ಮಾಡ್ತೀನಿ, ಗಾಡಿ ನಾನೇ ಓಡಿಸೋದು. ಸೂಪರ್ ಕ್ಯಾರಿ ಪೆಟ್ರೋಲ್ ಇದೆ ನಮ್ಮನೇಲಿ. ಡೀಸೆಲ್ ಪರವಾಗಿ ಇಷ್ಟೊಂದು ಜನ ಬರೆದಿದ್ದು ನೋಡಿ ಒಂದು ಮಾತು ಹೇಳ್ಬೇಕು ಅನ್ನಿಸ್ತು. ಕ್ಲಚ್ ಹಗುರ, ಕಾರು ಓಡಿಸಿದ ಹಾಗೇ ಇದೆ, ಬೆಳಗಿನ ಜಾವ ನಾಲ್ಕಕ್ಕೆ ವಠಾರದಲ್ಲಿ ಸ್ಟಾರ್ಟ್ ಮಾಡಿದ್ರೆ ಪಕ್ಕದ್ಮನೆ ಅಜ್ಜಿ ಎದ್ದೇಳಲ್ಲ. ಮೊದಲು ಬಾಡಿಗೆ ಡೀಸೆಲ್ ಗಾಡೀಲಿ ಹೋಗ್ತಿದ್ವಿ, ಸಿಗ್ನಲ್ಲಲ್ಲಿ ನಿಂತ್ರೆ ಸಾಕು ಆ ನಡುಕಕ್ಕೆ ಕೊಳದಪ್ಪಲೆ ಮುಚ್ಚಳ ಕುಣಿದು ಸಾರು ತುಳುಕೋದು, ಬಟ್ಟೆ ಬಿಗಿದು ಕಟ್ಟಿದ್ರೂ ಅಂಚಲ್ಲೆಲ್ಲ ಇಳಿಯೋದು. ಈಗ ಆ ತಾಪತ್ರಯ ಇಲ್ಲ. ವಾರಕ್ಕೆ ಮೂರು ದಿನ ಕೆಲಸ, ಊರೊಳಗೇ ಓಡಾಟ. ಮಾರುತಿಯವರು ಈ ಗಾಡಿನ 2016ರಲ್ಲಿ 793 ಸಿಸಿ ಡೀಸೆಲ್ ಹಾಕಿ ತಂದಿದ್ದು, 2020ರಲ್ಲಿ ಬಿಎಸ್6 ಬಂದಾಗ ಆ ಡೀಸೆಲ್ಲನ್ನೇ ನಿಲ್ಸಿದ್ರು, ಬರೀ ಪೆಟ್ರೋಲ್ ಮತ್ತೆ ಸಿಎನ್‌ಜಿ ಇಟ್ಕೊಂಡ್ರು. ಅಷ್ಟು ಸಣ್ಣ ಇಂಜಿನ್ನಿಗೆ ಹೊಗೆ ಶುದ್ಧ ಮಾಡೋ ಸಾಮಾನಿನ ಖರ್ಚು ಗಿಟ್ಟಲ್ಲ ಅಂತ ನಮ್ಮ ತಮ್ಮ ಹೇಳ್ತಾನೆ, ಅವನು ಸ್ಪೇರ್ ಪಾರ್ಟ್ಸ್ ಅಂಗಡೀಲಿದ್ದಾನೆ.

ಕ್ಯಾನ್_ವಾಟರ್_ಬೆಂಗ್ಳೂರು
ಅಕ್ಕ ಸರಿಯಾಗಿ ಹೇಳಿದ್ರಿ. ಊರೊಳಗಿನ ಕೆಲಸಕ್ಕೆ ಪೆಟ್ರೋಲೇ. ಆದ್ರೆ ಶಿರಸಿ ಅಣ್ಣ ಬರೆದಿದ್ದು ಓದಿದ್ಮೇಲೆ ಸೀನಣ್ಣನಿಗೆ ನಾನು ಕೊಟ್ಟ ಸಲಹೆ ವಾಪಸ್ ತಗೋತೀನಿ. ಸಾವಿರದ ನೂರು ಕೆಜಿ ಅಂತ ನಂಗೆ ಗೊತ್ತಿರ್ಲಿಲ್ಲ.

ಹಸಿರು_ಬೋರ್ಡ್_ತುಮಕೂರು
ಸಿಎನ್‌ಜಿ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ನಾನು ಸಿಎನ್‌ಜಿ ಓಡಿಸ್ತೀನಿ, ಖರ್ಚು ನಿಜವಾಗ್ಲೂ ಕಮ್ಮಿ. ಆದ್ರೆ ಎರಡು ವಿಷಯ. ಸಿಲಿಂಡರ್ ತೂಕ ಲೋಡಲ್ಲೇ ಕಟ್ ಆಗುತ್ತೆ, ಸೂಪರ್ ಕ್ಯಾರಿ ಪೆಟ್ರೋಲಲ್ಲಿ 740 ಇರೋದು ಸಿಎನ್‌ಜೀಲಿ 625. ಎಳೆತಾನೂ ಸ್ವಲ್ಪ ಕಮ್ಮಿ. ಜೊತೆಗೆ ಪೆಟ್ರೋಲ್ ಟ್ಯಾಂಕ್ 5 ಲೀಟರ್ ಅಷ್ಟೆ, ಗ್ಯಾಸ್ ಮುಗಿದ್ರೆ ಬಂಕ್ ತನಕ ಹೋಗೋಕೆ ಅಂತ ಕೊಟ್ಟಿರೋದು. ನಿಮ್ಮ ದಾರೀಲೇ ಗ್ಯಾಸ್ ಬಂಕ್ ಇದ್ರೆ, ಕ್ಯೂ ಅರ್ಧ ಗಂಟೆ ಒಳಗಿದ್ರೆ ನೋಡಿ. ಹರಾಜಿಗೆ ಟೈಮಿಗೆ ತಲುಪಬೇಕಾದ ಟೊಮ್ಯಾಟೊ ಇಟ್ಕೊಂಡು ಕ್ಯೂನಲ್ಲಿ ನಿಲ್ಲೋಕಾಗಲ್ಲ.

ಮಸ್ಕತ್_ಉಡುಪಿ
ನಾನು ಒಮಾನಲ್ಲಿ 9 ವರ್ಷ ಹೈಲಕ್ಸ್ 2.7 ಪೆಟ್ರೋಲ್ ಪಿಕಪ್ ಓಡಿಸಿದವ. ಮರುಭೂಮಿ, ಗುಡ್ಡ, ಪೈಪು ಸಿಮೆಂಟು ಎಲ್ಲ ಹೊತ್ತಿದೆ ಅದು. ಪೆಟ್ರೋಲ್ ಭಾರ ಎಳೆಯುದಿಲ್ಲ ಅಂತ ಅಲ್ಲ, ಇಂಜಿನ್ ದೊಡ್ಡದು ಬೇಕು, ಅದು ಕುಡಿಯುವಷ್ಟು ಪೆಟ್ರೋಲ್ ಅಗ್ಗಕ್ಕೆ ಸಿಗಬೇಕು. ಅಲ್ಲಿ ಸಿಗ್ತದೆ. ನಮ್ಮ ಊರಲ್ಲಿ 103 ಕೊಟ್ಟು ಆ ಗಾಡಿ ಸಾಕ್ಲಿಕ್ಕೆ ಆಗುದಿಲ್ಲ, ಅದಕ್ಕೆ ಇಲ್ಲಿ ಕಂಪನಿಗಳು ಪೆಟ್ರೋಲಲ್ಲಿ ಸಣ್ಣ ಗಾಡಿ ಮಾತ್ರ ಕೊಡುದು.

ರೇಷ್ಮೆಗೂಡು_ಶಿಡ್ಲಘಟ್ಟ
ಪೆಟ್ರೋಲ್ ತಗೊಳ್ಳೋರಿಗೆ ಇನ್ನೊಂದು. ಈಗ ಬಂಕಲ್ಲಿ ಬರೋದು ಇ20, ನೂರರಲ್ಲಿ ಇಪ್ಪತ್ತು ಭಾಗ ಎಥನಾಲ್. ಎಥನಾಲಲ್ಲಿ ಕಸುವು ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಬಿದ್ದೇ ಬೀಳುತ್ತೆ. ನೀರನ್ನೂ ಎಳ್ಕೊಳ್ಳುತ್ತೆ ಅದು. ನಮ್ಮ ಗಾಡಿ ಗೂಡಿನ ಸೀಸನ್ ಇಲ್ಲದಾಗ ಮಳೇಲಿ ಒಂದೂವರೆ ತಿಂಗಳು ನಿಂತಿತ್ತು, ಅರ್ಧ ಟ್ಯಾಂಕ್ ಇತ್ತು, ಸ್ಟಾರ್ಟ್ ಮಾಡಿದ್ರೆ ಮಿಸ್ಸಿಂಗ್, ಟ್ಯಾಂಕ್ ಇಳಿಸಿ ನೋಡಿದ್ರೆ ತಳದಲ್ಲಿ ನೀರು ಬೇರೆ ನಿಂತಿತ್ತು. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ ನೋಡೋರು 2023 ಏಪ್ರಿಲ್ ಆದ್ಮೇಲಿನದ್ದಾದ್ರೆ ಒಳ್ಳೇದು, ಆಮೇಲಿನವುಕ್ಕೆ ರಬ್ಬರ್ ಪೈಪು ಸೀಲು ಎಲ್ಲ ಇ20 ತಡೆಯೋ ಥರದ್ದೇ ಹಾಕಿರ್ತಾರೆ.

ಸೀನ_ಶ್ರೀನಿವಾಸಪುರ
ಅಣ್ಣಂದಿರಾ, ಅಕ್ಕ, ಒಂದು ವಾರ ಬರೋಕಾಗ್ಲಿಲ್ಲ, ಕೀಳೋದು ಜೋರಿತ್ತು. ಶಿರಸಿ ಅಣ್ಣ ಹೇಳಿದಂಗೆ ಮೊನ್ನೆ ತೂಕ ಹಾಕಿಸ್ದೆ. ಚೀಟಿ ಮುಂದೇನೇ ಇದೆ, ನೋಡ್ಕೊಂಡು ಬರೀತಿದೀನಿ. 62 ಬಾಕ್ಸ್ ಇತ್ತು. ಲೋಡ್ ಸಮೇತ 2,080 ಕೆಜಿ. ಮಂಡೀಲಿ ಇಳ್ಸಿ ಬರ್ತಾ ಅದೇ ಜಾಗದಲ್ಲಿ ಖಾಲಿ ಹಾಕಿಸ್ದೆ, 960. ಅಂದ್ರೆ ಬೆನ್ನ ಮೇಲಿದ್ದದ್ದು 1,120. ಬಾಕ್ಸಿಗೆ 18 ಕೆಜಿ ಬಿತ್ತು, ನಾವು 15 ಅಂತ ಬಾಯಲ್ಲಿ ಹೇಳ್ತೀವಿ ಆದ್ರೆ ಮೇಲೆ ಗೋಪುರ ಕಟ್ಟಿ ತುಂಬ್ತೀವಿ, ಬಾಕ್ಸಿನ ತೂಕ ಬೇರೆ. ಹದಿಮೂರು ವರ್ಷ 750 ಕೆಜಿ ಗಾಡೀಲಿ ಇದನ್ನ ಹೊತ್ತಿದೀನಿ. ಕಮಾನ್ ಪಟ್ಟಿ ವರ್ಷಕ್ಕೊಂದ್ಸಲ ಮುರೀತಿತ್ತು, ಹಿಂದಿನ ಟೈರ್ ಎಂಟು ತಿಂಗಳಿಗೆ ಸವೀತಿತ್ತು, ನಾನು ರೋಡ್ ಸರಿ ಇಲ್ಲ ಅಂತಾನೇ ತಿಳ್ಕೊಂಡಿದ್ದೆ. ಚೀಟಿ ಅಪ್ಪಂಗೆ ತೋರಿಸ್ದೆ, ಅವ್ರು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ ಸುಮ್ಮನೆ ಕೂತ್ರು.

ಈಗ ಕೇಳೋದು, 1.3 ಟನ್ ಗಾಡಿ ನೋಡ್ಲಾ? ಇಂಟ್ರಾ ವಿ30 ಒಂದು, ದೋಸ್ತ್ ಒಂದು ಕಣ್ಣಲ್ಲಿದೆ. ಕಂತು ನಾನಂದ್ಕೊಂಡಿದ್ದಕ್ಕಿಂತ ಐದಾರು ಸಾವಿರ ಜಾಸ್ತಿ ಬರುತ್ತೆ.

ಲೆಕ್ಕದ_ಪುಸ್ತಕ
ನೀವು ಅಕ್ಕಪಕ್ಕದವರ ಬಾಕ್ಸ್ ಹಾಕ್ತೀನಿ ಅಂದ್ರಲ್ಲ, ಬಾಕ್ಸಿಗೆ ಎಷ್ಟು ತಗೋತೀರ?

ಸೀನ_ಶ್ರೀನಿವಾಸಪುರ
12 ರೂಪಾಯಿ. ಈಗ ನಂದು 30, ಅವ್ರದ್ದು 30 ಹಂಗೆ ಹಾಕ್ತೀನಿ. ಜಾಗ ಇಲ್ಲ ಅಂತ ಬಿಟ್ಟು ಹೋಗೋ ದಿನಾನೇ ಜಾಸ್ತಿ.

ಲೆಕ್ಕದ_ಪುಸ್ತಕ
1.3 ಟನ್ ಅಂದ್ರೆ 18 ಕೆಜಿ ಲೆಕ್ಕದಲ್ಲಿ 72 ಬಾಕ್ಸ್, ಪಾಸಿಂಗ್ ಒಳಗೇ. ಹತ್ತು ಬಾಕ್ಸ್ ಜಾಸ್ತಿ ಅಂದ್ರೆ ದಿನಕ್ಕೆ 120, ತಿಂಗಳಿಗೆ 25 ದಿನಕ್ಕೆ 3,000. ಸೀಸನ್ ಇಲ್ಲದಾಗ ಇದು ಬರಲ್ಲ, ವರ್ಷದಲ್ಲಿ ಆರೇ ತಿಂಗಳು ಅಂತ ಹಿಡೀರಿ. ಅದರ ಮೇಲೆ ಪಟ್ಟಿ, ಟೈರು, ಇಂಜಿನ್ ಬಿಚ್ಚೋ ಖರ್ಚು ಉಳಿಯುತ್ತೆ. ನಾನು ಮೊದಲು ಹಾಕಿದ ಲೆಕ್ಕ ತಪ್ಪಾಗಿತ್ತು ಅಂತ ಒಪ್ಕೋತೀನಿ, ಲೀಟರ್ ಒಂದೇ ನೋಡಿದ್ದೆ, ತೂಕ ನೋಡಿರ್ಲಿಲ್ಲ. ಆದ್ರೆ ಟೊಮ್ಯಾಟೊ ರೇಟ್ ಬಿದ್ದು ಜನ ಕೀಳದೇ ಬಿಡೋ ತಿಂಗಳು ಬರುತ್ತೆ, ಕೋಲಾರದವರಿಗೆ ನಾನು ಹೇಳಬೇಕಿಲ್ಲ. ಮೂರು ತಿಂಗಳ ಕಂತು ಕೈಯಲ್ಲಿ ಇಟ್ಕೊಂಡೇ ಸಹಿ ಹಾಕಿ.

ಹುಬ್ಬಳ್ಳಿ_ಲೋಡ್_ಮಾಸ್ತರ
ಅಣ್ಣಾರ ಖಾಲಿ ಗಾಡಿ ಟೆಸ್ಟ್ ಡ್ರೈವ್ ಮಾಡಬ್ಯಾಡ್ರಿ. ಶೋರೂಮ್‌ದಾವ್ರು ಖಾಲಿನ ಕೊಡತಾರ, ಖಾಲಿ ಇದ್ರ ಎಲ್ಲಾ ಗಾಡಿ ಕುದುರಿ ಆಗತಾವ. ಮಣ್ಣಿನ ಚೀಲಾ ಆಗ್ಲಿ ಏನರ ಆಗ್ಲಿ ಒಂದ ಟನ್ ಹಾಕಿ ಕೊಡ್ರಿ ಅಂತ ಕೇಳ್ರಿ, ಕೊಡಲಿಲ್ಲಾ ಅಂದ್ರ ನಿಮ್ಮೂರಾಗ ಅದ ಗಾಡಿ ಇದ್ದಾಂವನ ಹಂತ್ಯಾಕ ಹೋಗಿ ಲೋಡ್ ಇದ್ದಾಗ ಕೂತ ಬರ್ರಿ. ಏರಿನಾಗ ನಿಲ್ಲಿಸಿ ಮತ್ತ ಎತ್ತಿ ನೋಡ್ರಿ. ಹಂಗ ಇಳಿಜಾರಿನಾಗ ಯಾವ ಗೇರಿನಾಗ ಹತ್ತತೀರೋ ಅದ ಗೇರಿನಾಗ ಇಳದ ನೋಡ್ರಿ, ಬ್ರೇಕ್ ಮುಟ್ಟದ ಹಿಡೀತೈತೇನು ಅಂತ.

ಸೀನ_ಶ್ರೀನಿವಾಸಪುರ
ಆಯ್ತಣ್ಣ. ನಮ್ಮೂರ ಪಕ್ಕ ಒಬ್ರ ಹತ್ರ ವಿ30 ಇದೆ, ನಾಳಿದ್ದು ಮಂಡಿಗೆ ಅವ್ರ ಜೊತೆ ಹೋಗ್ತೀನಿ.

ಸೀನ_ಶ್ರೀನಿವಾಸಪುರ
ಹೋಗ್ಬಂದೆ. 68 ಬಾಕ್ಸ್ ಇತ್ತು. ಕೋಲಾರ ಹತ್ರ ಬರೋವಾಗ ಒಂದು ಉದ್ದ ಏರು ಬರುತ್ತೆ, ನಮ್ಮ ಏಸಲ್ಲಿ ಅಲ್ಲಿ ಎರಡಕ್ಕಿಳಿದು ಪಕ್ಕಕ್ಕೆ ಸರಿದು ಎಲ್ರಿಗೂ ದಾರಿ ಬಿಡಬೇಕು. ಅವ್ರು ಮೂರರಲ್ಲೇ ಹೋದ್ರು, ಮಾತಾಡ್ಕೊಂಡು. ಮಧ್ಯ ಏರಲ್ಲಿ ನಿಲ್ಸಿ ಅಂತ ನಾನೇ ಕೇಳ್ದೆ, ನಿಲ್ಸಿದ್ರು, ಹ್ಯಾಂಡ್ ಬ್ರೇಕ್ ಬಿಟ್ಟು ಹಂಗೇ ಎತ್ಕೊಂಡು ಹೋಯ್ತು, ವಾಸನೆ ಏನೂ ಬರ್ಲಿಲ್ಲ. ಬರ್ತಾ ಖಾಲೀಲಿ ನಾನೇ ಓಡಿಸ್ದೆ. ಅವ್ರಿಗೆ ಲೋಡಲ್ಲಿ 15-16 ಕೊಡ್ತಿದೆಯಂತೆ. ಡೀಸೆಲ್ಲೇ ಅಂತ ಮನೇಲಿ ತೀರ್ಮಾನ ಆಯ್ತು, ಬಾಮೈದನೂ ಒಪ್ದ. ಅವನು ತರಕಾರಿ ಮನೆಮನೆಗೆ ಮಾರೋಕೆ ಪೆಟ್ರೋಲ್ ಗಾಡಿ ತಗೋಬೇಕು ಅಂತಿದಾನೆ, ಅವನಿಗೆ ಅದೇ ಸರಿ ಅಂತ ನಾನೇ ಹೇಳ್ದೆ.

ಘಾಟಿ_ಗ್ಯಾರೇಜ್_ಶಿರಸಿ
ಒಳ್ಳೇದಾಯ್ತು. ತಗೊಂಡ ಮೇಲೆ ಇಷ್ಟು ಮಾಡಿ. ಡೀಸೆಲ್ ಫಿಲ್ಟರ್ ಕೆಳಗೆ ನೀರು ನಿಲ್ಲೋ ಬಟ್ಟಲಿರ್ತದೆ, ತಿಂಗಳಿಗೊಮ್ಮೆ ಅದರ ತಿರುಪು ಸಡಿಲಿಸಿ ಒಂದು ಗ್ಲಾಸಿಗೆ ಬಿಟ್ಟು ನೋಡಿ, ತಳದಲ್ಲಿ ನೀರಿನ ಗುಂಡು ಕಾಣ್ತದೆ. ಆ ನೀರು ಪಂಪಿಗೆ ಹೋದ್ರೆ ತುಕ್ಕು, ತುಕ್ಕು ಇಂಜೆಕ್ಟರಿಗೆ ಹೋದ್ರೆ ಹುಬ್ಬಳ್ಳಿಯವ್ರು ಹೇಳಿದ ಖರ್ಚು. ರಾತ್ರಿ ಟ್ಯಾಂಕ್ ಖಾಲಿ ಬಿಡಬೇಡಿ. ಮಂಡಿ ಮುಟ್ಟಿದ ತಕ್ಷಣ ಚಾವಿ ತಿರುಗಿಸಬೇಡಿ, ಒಂದು ನಿಮಿಷ ಸ್ಲೋದಲ್ಲಿ ಬಿಡಿ, ಟರ್ಬೊ ತಣಿಲಿ. ಡಿಪಿಎಫ್ ಲೈಟ್ ಬಂದ್ರೆ ಮಂಡಿಯಿಂದ ಖಾಲಿ ಬರುವಾಗ ಒಂದು ಗೇರ್ ಕೆಳಗಿಟ್ಟು ಇಪ್ಪತ್ತು ನಿಮಿಷ ಓಡಿಸಿ, ಹೋಗ್ತದೆ.

ಮಲ್ಪೆ_ಐಸ್_ಬಾಕ್ಸ್
ಹಳೆ ಏಸ್ ಏನು ಮಾಡಿದ್ರಿ?

ಸೀನ_ಶ್ರೀನಿವಾಸಪುರ
ಹೊಸ ಗಾಡಿ ಡಿಸೆಂಬರ್ ಎರಡನೇ ವಾರ ಕೊಡ್ತೀನಿ ಅಂದಿದಾರೆ. ಏಸನ್ನ ಎಕ್ಸ್‌ಚೇಂಜಿಗೆ ಕಮ್ಮಿ ಕೇಳಿದ್ರು, ಕೊಡ್ಲಿಲ್ಲ. ಊರಲ್ಲೇ ಒಬ್ಬ ಹುಡುಗ ಸೀಮೆ ಹಸು ಸಾಕಿದಾನೆ, ಹಸಿ ಹುಲ್ಲು ತರೋಕೆ ಅಂತ ಕೇಳ್ದ. ಅವನಿಗೇ ಕೊಟ್ಟೆ, ಆ ತೂಕದ ಚೀಟೀನೂ ಜೊತೇಲಿ ಕೊಟ್ಟು 750ರ ಮೇಲೆ ಹಾಕ್ಬೇಡ ಕಣಪ್ಪ ಅಂತ ಹೇಳಿದೀನಿ. ನಮ್ಮ ಕಡೆ ಅವರೆಕಾಯಿ ಶುರುವಾಗಿದೆ, ಹೊಸ ಗಾಡಿಗೆ ಮೊದಲ ಲೋಡ್ ಅದೇ ಆಗೋ ಥರ ಇದೆ. ಬಂದ ದಿನ ಫೋಟೋ ಹಾಕ್ತೀನಿ.